ಪ್ರಶ್ನೋತ್ತರ: ಹಳೆಯ ಮ್ಯಾನೇಜರ್ ಇರಬೇಕೇ, ಹೋಗಬೇಕೇ?

ಪ್ರಶ್ನೆ: ನಾನು ಬೆಂಬಲಿಸುವ ಅಮೆರಿಕದ ಬೇಸ್‌ಬಾಲ್ ತಂಡಕ್ಕೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಒಬ್ಬರೇ ಮ್ಯಾನೇಜರ್. ಹಿಂದೆ ಪ್ರಶಸ್ತಿ ಗೆದ್ದುಕೊಟ್ಟವರು. ಈಗ ಮೂರು ಸೀಸನ್‌ಗಳಿಂದ ತಂಡ ಪ್ಲೇಆಫ್ (ಲೀಗ್ ಪಂದ್ಯಗಳ ನಂತರದ ನಾಕೌಟ್ ಹಂತ) ಮುಟ್ಟಿಲ್ಲ. ಅವರನ್ನು ಬದಲಾಯಿಸುವ ಕಾಲ ಬಂದಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಎಷ್ಟು ವರ್ಷ ಇದ್ದಾರೆ ಎಂಬುದನ್ನು ಪಕ್ಕಕ್ಕಿಡಿ. ಸೋಲಿನ ಮೂಲ ಅವರ ಕೈಗೆಟುಕುವ ಜಾಗದಲ್ಲಿದೆಯೇ ಎಂಬುದನ್ನು ನೋಡಿ. ಕ್ರಿಕೆಟ್‌ನಲ್ಲಿ ನಾಯಕ ಮೈದಾನದಲ್ಲಿ ನಿಂತು ಮಾಡುವ ನಿರ್ಧಾರಗಳನ್ನು ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಡಗೌಟ್‌ನಿಂದ, ಅಂದರೆ ಮೈದಾನದ ಅಂಚಿನಲ್ಲಿ ತಂಡ ಕೂರುವ ಜಾಗದಿಂದ, ಮಾಡುತ್ತಾರೆ. ಆದರೆ 26 ಆಟಗಾರರ ತಂಡವನ್ನು ಕಟ್ಟುವುದು ಅವರಲ್ಲ, ಜನರಲ್ ಮ್ಯಾನೇಜರ್ ಮತ್ತು ಅವರ ಕಚೇರಿ. ಲಾಸ್ ಏಂಜಲೀಸ್ ಏಂಜಲ್ಸ್ ತಂಡವನ್ನೇ ನೋಡಿ. ಮೈಕ್ ಸೋಶಾ 2000ರಿಂದ 2018ರವರೆಗೆ ಮ್ಯಾನೇಜರ್ ಆಗಿದ್ದರು, 2002ರಲ್ಲಿ ವರ್ಲ್ಡ್ ಸೀರೀಸ್ (ಲೀಗ್‌ನ ಅಂತಿಮ ಸರಣಿ) ಗೆದ್ದರು. ಅವರು ಹೋದ ಮೇಲೆ ಮ್ಯಾನೇಜರ್‌ಗಳು ಒಬ್ಬರ ಹಿಂದೊಬ್ಬರು ಬಂದರು. 2025ರವರೆಗೂ ತಂಡ ಒಂದು ಸೀಸನ್‌ನಲ್ಲೂ ಸೋಲಿಗಿಂತ ಹೆಚ್ಚು ಗೆಲುವು ಕಾಣಲಿಲ್ಲ. ರೋಗ ಡಗೌಟ್‌ನಲ್ಲಿ ಇರಲೇ ಇಲ್ಲ.

ಮನೆಯಲ್ಲೇ ಮಾಡಬಹುದಾದ ಮೊದಲ ಪರೀಕ್ಷೆ ರನ್ ಲೆಕ್ಕ. ಗಳಿಸಿದ ರನ್ನಿನ ವರ್ಗವನ್ನು (ಅದನ್ನು ಅದರಿಂದಲೇ ಗುಣಿಸಿದ್ದು), ಗಳಿಸಿದ್ದರ ವರ್ಗ ಮತ್ತು ಬಿಟ್ಟುಕೊಟ್ಟಿದ್ದರ ವರ್ಗ ಇವೆರಡರ ಮೊತ್ತದಿಂದ ಭಾಗಿಸಿ, ಸೀಸನ್‌ನ 162 ಪಂದ್ಯಗಳಿಂದ ಗುಣಿಸಿ. ಉದಾಹರಣೆಗೆ, 720 ಗಳಿಸಿ 700 ಬಿಟ್ಟುಕೊಟ್ಟ ತಂಡ ಸುಮಾರು 83 ಪಂದ್ಯ ಗೆಲ್ಲಬೇಕು. ಅದು 82 ಗೆದ್ದಿದ್ದರೆ ಮ್ಯಾನೇಜರ್ ತಮಗೆ ಕೊಟ್ಟ ಆಟಗಾರರಿಂದ ಬರಬೇಕಾದಷ್ಟನ್ನು ತಂದಿದ್ದಾರೆ. ದೂರು ಹೇಳಬೇಕಾದದ್ದು ಮೇಲಿನ ಕಚೇರಿಗೆ. 75 ಮಾತ್ರ ಗೆದ್ದಿದ್ದರೆ ಮುಂದೆ ಹುಡುಕಬೇಕು. ಒಂದೇ ವರ್ಷದ ಅಂತರ ಬಹುಪಾಲು ಅದೃಷ್ಟದ ಆಟ, ಅದರಲ್ಲೂ ಒಂದು ರನ್ ಅಂತರದ ಪಂದ್ಯಗಳು. ಎರಡು ಮೂರು ವರ್ಷ ಅದೇ ದಿಕ್ಕಿನಲ್ಲಿ ಕೊರತೆ ಬಿದ್ದರೆ ಬುಲ್‌ಪೆನ್ (ಬದಲಿ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಸಿದ್ಧವಾಗುವ ಜಾಗ) ಕಡೆ ಕಣ್ಣು ಹಾಯಿಸಿ.

ಏಕೆಂದರೆ ಮ್ಯಾನೇಜರ್‌ನ ನಿಜವಾದ ಕೆಲಸ ಇರುವುದು ಅಲ್ಲೇ. ಅಭಿಮಾನಿಗಳು ಬ್ಯಾಟಿಂಗ್ ಕ್ರಮದ ಬಗ್ಗೆ ಗಂಟೆಗಟ್ಟಲೆ ಜಗಳವಾಡುತ್ತಾರೆ, ಅದರಿಂದ ಇಡೀ ಸೀಸನ್‌ಗೆ ಸಿಗುವ ರನ್ ಅತ್ಯಲ್ಪ. ಪಿಚರ್ ಬದಲಾವಣೆ ಹಾಗಲ್ಲ. ಎದುರಾಳಿಯ ಬ್ಯಾಟರ್‌ಗಳು ಅದೇ ಸ್ಟಾರ್ಟರ್‌ನನ್ನು (ಪಂದ್ಯ ಆರಂಭಿಸಿದ ಪಿಚರ್) ಒಂದೇ ಪಂದ್ಯದಲ್ಲಿ ಮೂರನೇ ಸಲ ಎದುರಿಸುವಾಗ ಮೊದಲಿಗಿಂತ ಚೆನ್ನಾಗಿ ಹೊಡೆಯುತ್ತಾರೆ. ಆ ಹೊತ್ತಿಗೆ ರಿಲೀವರ್ (ಬದಲಿ ಪಿಚರ್) ತೋಳು ಬಿಸಿ ಮಾಡಿಕೊಂಡು ನಿಂತಿರಬೇಕು; ಎದುರಾಳಿಗಳಿಂದ ಬೇಸ್‌ಗಳು ತುಂಬಿದ ಮೇಲೆ ಬುಲ್‌ಪೆನ್‌ಗೆ ಫೋನ್ ಎತ್ತಿದರೆ ತಡವಾಯಿತು. 2020ರಿಂದ ಹೊಸ ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳಿಗೆ ಎಸೆಯಲೇಬೇಕು ಅಥವಾ ಆ ಅರ್ಧ ಇನಿಂಗ್ ಮುಗಿಯಬೇಕು. ಗಾಯವಾದರೆ ಬೇರೆ ಮಾತು. ಹಾಗಾಗಿ ಒಬ್ಬ ಎಡಗೈ ಬ್ಯಾಟರ್‌ಗಾಗಿ ಎಡಗೈ ಪಿಚರ್‌ನನ್ನು ಕರೆದು, ತಕ್ಷಣ ವಾಪಸ್ ಕಳಿಸುವ ಹಳೆಯ ಚಾಳಿ ನಡೆಯುವುದಿಲ್ಲ. ಹಿಂದಿನಿಂದ ಬಂದ ಮ್ಯಾನೇಜರ್ ಇದಕ್ಕೆ ಹೊಂದಿಕೊಂಡಿದ್ದಾರೆಯೇ? ಮುಂದಿನ ಮೂವರನ್ನು ನೋಡಿ ಪಿಚರ್ ಆರಿಸುತ್ತಾರೆಯೇ, ಮೊದಲನೆಯವನನ್ನು ಮಾತ್ರವೇ?

ನಂಬಿಕೆಯ ಒಬ್ಬಿಬ್ಬರು ರಿಲೀವರ್‌ಗಳನ್ನು ಸತತ ಮೂರನೇ ದಿನವೂ ಕರೆಯುವುದು, ನಾಲ್ಕೈದು ರನ್ ಮುಂದಿದ್ದಾಗಲೂ ಅವರನ್ನೇ ಬಳಸುವುದು ಕೆಟ್ಟ ಲಕ್ಷಣ. ಸೀಸನ್ ಕೊನೆಯ ಸೆಪ್ಟೆಂಬರ್‌ನಲ್ಲಿ ಎಸೆತದ ವೇಗ ಇಳಿಯುವುದು ಇದರ ಫಲ. ಬಿಸಿ ಮಾಡಿಸಿ ಕಣಕ್ಕಿಳಿಸದೆ ಕೂರಿಸುವುದೂ ತೋಳನ್ನು ದಣಿಸುತ್ತದೆ, ಆದರೆ ಅದು ಅಂಕಪಟ್ಟಿಯಲ್ಲಿ ಕಾಣದು. ಪಂದ್ಯ ನೋಡುವಾಗ ಬುಲ್‌ಪೆನ್ ಗಮನಿಸಿ ನೀವೇ ಬರೆದಿಟ್ಟುಕೊಳ್ಳಬೇಕು.

ಪ್ರಶ್ನೆ: ಸೀಸನ್ ನಡುವೆಯೇ ತೆಗೆಯುವುದು ಸರಿಯೇ?

ಉತ್ತರ: ಬರಿಯ ಸೋಲಿನ ಸರಣಿ ನೋಡಿ ತೆಗೆಯಬಾರದು. 2019ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಮೊದಲ 50 ಪಂದ್ಯಗಳಲ್ಲಿ 31 ಸೋತಿತ್ತು. ಮ್ಯಾನೇಜರ್ ಡೇವ್ ಮಾರ್ಟಿನೆಸ್ ಅವರನ್ನು ಉಳಿಸಿಕೊಂಡಿತು, ಅದೇ ವರ್ಷ ವರ್ಲ್ಡ್ ಸೀರೀಸ್ ಗೆದ್ದಿತು. ಹಾಗೆಂದು ಆ ಕಿರೀಟ ಶಾಶ್ವತ ರಕ್ಷಣೆಯೂ ಅಲ್ಲ: 2025ರ ಜುಲೈನಲ್ಲಿ, 37 ಗೆಲುವು 53 ಸೋಲಿನ ಹೊತ್ತಿಗೆ, ಅದೇ ತಂಡ ಅವರನ್ನು ಕೈಬಿಟ್ಟಿತು.

ಇನ್ನೊಂದು ಬದಿಯೂ ಇದೆ. 2022ರಲ್ಲಿ ಫಿಲಡೆಲ್ಫಿಯಾ ಫಿಲೀಸ್ 22 ಗೆದ್ದು 29 ಸೋತಿದ್ದಾಗ ಜೋ ಜಿರಾರ್ಡಿ ಅವರನ್ನು ತೆಗೆದು ಬೆಂಚ್ ಕೋಚ್ (ಮ್ಯಾನೇಜರ್‌ನ ಸಹಾಯಕ) ರಾಬ್ ಥಾಮ್ಸನ್ ಅವರಿಗೆ ಹೊಣೆ ಕೊಟ್ಟಿತು, ವರ್ಲ್ಡ್ ಸೀರೀಸ್‌ವರೆಗೂ ಹೋಯಿತು. ಗಟ್ಟಿ ಆಟಗಾರರಿದ್ದೂ ತಂಡ ಹಿಂದೆ ಬಿದ್ದಿತ್ತು, ಬದಲಿ ವ್ಯಕ್ತಿ ಒಳಗೇ ಇದ್ದರು, ಜೂನ್ ಆರಂಭವಾದ್ದರಿಂದ ನೂರಕ್ಕೂ ಹೆಚ್ಚು ಪಂದ್ಯ ಬಾಕಿ ಇದ್ದವು. ಈ ಮೂರೂ ಇಲ್ಲದಿದ್ದರೆ ಸೀಸನ್ ಮುಗಿಯುವವರೆಗೆ ಕಾಯುವುದೇ ಲೇಸು. ಪಾತಾಳ ಮುಟ್ಟಿದ ತಂಡ ಮ್ಯಾನೇಜರ್ ಬದಲಾಗದಿದ್ದರೂ ಸ್ವಲ್ಪ ಮೇಲೇಳುತ್ತದೆ ಎಂಬುದನ್ನೂ ಮರೆಯಬೇಡಿ. ಆ ಚೇತರಿಕೆಯ ಹೆಸರು ಹೊಸಬರಿಗೆ ಸುಮ್ಮನೆ ಸಿಗುತ್ತದೆ.

ಪ್ರಶ್ನೆ: ಬದಲಾಯಿಸಿದರೆ ಯಾರನ್ನು ತರಬೇಕು? ಕಟ್ಟುನಿಟ್ಟಿನವರು ಬೇಕೆಂದು ಎಲ್ಲರೂ ಹೇಳುತ್ತಾರೆ.

ಉತ್ತರ: ಹಳಬರಿಗೆ ತದ್ವಿರುದ್ಧ ಸ್ವಭಾವದವರನ್ನು ತರುವುದು ದೊಡ್ಡ ತಪ್ಪು. ಬಾಸ್ಟನ್ ರೆಡ್ ಸಾಕ್ಸ್ 2011ರ ಸೆಪ್ಟೆಂಬರ್‌ನಲ್ಲಿ 27 ಪಂದ್ಯಗಳಲ್ಲಿ 20 ಸೋತಿತು. ಎರಡು ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ ಟೆರಿ ಫ್ರಾಂಕೋನಾ ಹೊರನಡೆದರು. ನಂತರ ಬಂದ ಬಾಬಿ ವ್ಯಾಲಂಟೈನ್ ಅವರ ಬಿರುಸು ಆಟಗಾರರಿಗೆ ಒಗ್ಗಲಿಲ್ಲ. 2012ರಲ್ಲಿ ತಂಡ 93 ಪಂದ್ಯ ಸೋತಿತು. ಹಿಂದೆ ಅಲ್ಲೇ ಪಿಚಿಂಗ್ ಕೋಚ್ ಆಗಿದ್ದ ಜಾನ್ ಫ್ಯಾರೆಲ್ 2013ರಲ್ಲಿ ಮ್ಯಾನೇಜರ್ ಆಗಿ ಬಂದರು, ಪ್ರಶಸ್ತಿಯೂ ಬಂತು. ಆಟಗಾರರೂ ಸಾಕಷ್ಟು ಬದಲಾಗಿದ್ದರು ಎನ್ನುವುದು ಬೇರೆ ಮಾತು. ಆದರೂ ಪಿಚರ್‌ಗಳನ್ನು ಬಲ್ಲವರು ಸಿಕ್ಕರೆ ಅವರಿಗೇ ನಮ್ಮ ಮತ. ಈಗಿನ ಪಿಚಿಂಗ್ ಕೋಚ್ ಕೆಲಸ ಚೆನ್ನಾಗಿದ್ದರೆ, ಮ್ಯಾನೇಜರ್ ಹೋದರೂ ಅವರನ್ನು ಉಳಿಸಿಕೊಳ್ಳುವ ಷರತ್ತು ಸಂದರ್ಶನದಲ್ಲೇ ಮಾತಾಗಬೇಕು.