ಮೈಸೂರಿನಲ್ಲಿ ಬೇಸಿಗೆ ಶುರುವಿನ ಹಣ್ಣು, ತರಕಾರಿ: ಎಲ್ಲಿ ಹೋಗಬೇಕು, ಏನು ತರಬೇಕು?

ಮೈಸೂರಿಗೆ ಹೊಸಬರು, ಮಾರ್ಚ್–ಏಪ್ರಿಲ್‌ನಲ್ಲಿ ಯಾವ ಮಾರುಕಟ್ಟೆಗೆ ಹೋಗಿ ಏನು ತರಬೇಕು ಅಂತ ಕೇಳಿದ್ದೀರಿ.

ಎಲ್ಲಿಗೆ ಅಂದರೆ, ಎಂ.ಜಿ. ರಸ್ತೆ ಮಾರುಕಟ್ಟೆಗೆ. ಬಿಸಿಲೇರುವ ಮುಂಚೆ ಹೋಗಿ. ಸುತ್ತಲಿನ ಹಳ್ಳಿಯವರು ತಾವೇ ತಂದು ಮಾರುತ್ತಾರೆ. ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆಗೆ ನಾನು ಹೋಗುವುದು ಹೂವು, ವೀಳ್ಯದೆಲೆ, ಬಾಳೆಹಣ್ಣಿಗೆ. ಯುಗಾದಿ ಹಿಂದಿನ ದಿನ ಮಾತ್ರ ಎರಡೂ ಕಡೆ ಹೋಗಬೇಡಿ. ಮಾವಿನ ಎಲೆಗೂ ಚೌಕಾಸಿ ಮಾಡಬೇಕಾಗುತ್ತದೆ.

ಏನು ತರಬೇಕು ಅನ್ನುವುದಕ್ಕೆ ನನ್ನದು ಒಂದೇ ಮಾತು: ಈಗ ಹಣ್ಣಿನ ಆಸೆ ಬಿಟ್ಟು ಕಾಯಿ ಕೊಳ್ಳಿ. ಮಾವಿನಕಾಯಿಗೆ ಇದೇ ಕಾಲ. ಚಿತ್ರಾನ್ನಕ್ಕೆ ತೋತಾಪುರಿ ಸಾಕು, ಹುಳಿ ಹದವಾಗಿರುತ್ತದೆ. ಗೊಜ್ಜಿಗೆ, ಉಪ್ಪಿನಕಾಯಿಗೆ ಚೆನ್ನಾಗಿ ಹುಳಿ ಇರುವ ನಾಟಿ ಕಾಯಿ ಬೇಕು, ಕೇಳಿ ತೆಗೆದುಕೊಳ್ಳಿ. ಎಳೆ ಹಲಸಿನಕಾಯಿ ಕಂಡರೆ ಬಿಡಬೇಡಿ, ಪಲ್ಯಕ್ಕೆ ಅದರಂಥದ್ದು ಇನ್ನೊಂದಿಲ್ಲ. ಹೆಚ್ಚುವಾಗ ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳಿ, ಇಲ್ಲದಿದ್ದರೆ ಮೇಣ ಬಿಡುವುದಿಲ್ಲ. ನುಗ್ಗೇಕಾಯಿ ಈಗ ಧಾರಾಳವಾಗಿ ಬರುತ್ತದೆ. ಸ್ವಲ್ಪ ತಿರುಚಿ ನೋಡಿ, ಬಾಗಿದರೆ ಎಳೆಯದು. ಬೂದುಗುಂಬಳ ತಂದು ಸಂಡಿಗೆ ಇಡುವುದಕ್ಕೂ ಬಿಸಿಲು ಸರಿಯಾಗಿದೆ.

ಮಾವಿನ ಹಣ್ಣಿಗೆ ಏಪ್ರಿಲ್ ಕೊನೆಯವರೆಗಾದರೂ ಕಾಯಿರಿ. ಮೊದಲು ರಾಮನಗರದ ಕಡೆಯ ಹಣ್ಣು ಬರುತ್ತದೆ. ಬಾದಾಮಿ, ರಸಪುರಿ ತಿನ್ನಲು ಮೇ ಒಳ್ಳೆಯ ತಿಂಗಳು. ಮಾರ್ಚ್‌ನಲ್ಲೇ ಗಾಡಿಯ ಮೇಲೆ ಹಳದಿ ಹಳದಿಯಾಗಿ ಹೊಳೆಯುವುದನ್ನು ಮೂಸಿ ನೋಡಿ. ವಾಸನೆಯೇ ಇಲ್ಲ, ಒತ್ತಿದರೆ ಗಟ್ಟಿ ಅಂದರೆ ಮುಂದೆ ನಡೆಯಿರಿ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ಆಹಾರ ಸುರಕ್ಷತಾ ನಿಯಮ ನಿಷೇಧಿಸಿದೆ. ಎಥಿಲೀನ್ ಅನಿಲಕ್ಕೆ ಮಾತ್ರ ಮಿತಿಯೊಳಗೆ ಅವಕಾಶವಿದೆ.

ಕಲ್ಲಂಗಡಿಗೆ ಈ ಕಾಯುವಿಕೆ ಬೇಕಿಲ್ಲ, ಇದು ಅದರದೇ ಕಾಲ. ಆದರೆ ಒಮ್ಮೆ ಕಿತ್ತ ಮೇಲೆ ಅದು ಮನೆಯಲ್ಲಿ ಸಿಹಿಯಾಗುವುದಿಲ್ಲ. ತಟ್ಟಿ ನೋಡುವ ನಾಟಕ ನನಗೆ ಇಷ್ಟವಿಲ್ಲ, ನೆಲಕ್ಕೆ ತಾಗಿದ್ದ ಜಾಗ ಹಳದಿಯಾಗಿದೆಯಾ ನೋಡುತ್ತೇನೆ. ಬೆಳ್ಳಗಿದ್ದರೆ ಬೇಡ. ಕರಬೂಜವನ್ನು ತೊಟ್ಟಿನ ಕಡೆ ಮೂಸಿದರೆ ಸಾಕು.

ಚೌಕಾಸಿ ವಿಷಯ: ಸೊಪ್ಪಿನ ಅಜ್ಜಿಯ ಹತ್ತಿರ ಸುಮ್ನೆ ಎರಡು ರೂಪಾಯಿಗೆ ಜಗ್ಗಾಡಬೇಡಿ. "ಅಜ್ಜಿ, ಸ್ವಲ್ಪ ಕೊಸರು ಹಾಕಿ" ಅಂದರೆ ಎರಡು ಎಳೆ ಕೊತ್ತಂಬರಿ ಬಂದೇ ಬರುತ್ತದೆ. ಗುಡ್ಡೆಯಲ್ಲಿ ಮಾರುವವರ ಹತ್ತಿರ ಅಡಿಯಲ್ಲಿರುವುದನ್ನೂ ನೋಡಿಕೊಳ್ಳಿ, ಚೆನ್ನಾಗಿರುವುದೆಲ್ಲ ಮೇಲೇ ಇರುತ್ತದೆ ಅಲ್ವಾ.

ಇನ್ನು ನಂಜನಗೂಡು ರಸಬಾಳೆ. ಭೌಗೋಳಿಕ ಗುರುತು ಸಿಕ್ಕ ಹಣ್ಣು ಅದು, ನಿಜ. ಸೊರಗು ರೋಗದಿಂದ ತೋಟಗಳೇ ಕಮ್ಮಿಯಾಗಿವೆ. ಹಾಗಾಗಿ ರಸಬಾಳೆ ಅಂತ ಕೂಗುವುದೆಲ್ಲ ರಸಬಾಳೆ ಆಗಿರಲಿಕ್ಕಿಲ್ಲ. ಒಂದು ಹಣ್ಣು ಸುಲಿದು ತಿಂದು ನೋಡಿ, ಆಮೇಲೆ ಚಿಪ್ಪು ತೂಕ ಹಾಕಿಸಿ.