ಬಿಳಿ ವೈನ್ ರುಚಿ ನೋಡುವ ಊಟ: ಮೂರು ಬಾಟಲಿ ಸಾಕು, ಮೊದಲು ಜಗಲಿ, ಆಮೇಲೆ ಮೀನು

ಅಕ್ಕ, ಶನಿವಾರ ಕಾರವಾರದ ಕೋಡಿಬಾಗದ ಮನೆಗೆ ಆರು ಜನ ಊಟಕ್ಕೆ ಬರುತ್ತಾರೆ, ಐದಾರು ಬಗೆಯ ಬಿಳಿ ವೈನ್ ತಂದು ಮೀನಿನ ಜೊತೆ ರುಚಿ ನೋಡಬೇಕು, ಹೇಗೆ ಮಾಡಲಿ ಅಂತ ಕೇಳಿದ್ದೀರಿ. ನಾನು ನಮ್ಮ ಮನೆಯಲ್ಲಿ ನಾಲ್ಕೈದು ಸಲ ಮಾಡಿದ್ದೇನೆ. ಮೊದಲನೇ ಸಲ ಸರಿಯಾಗಲಿಲ್ಲ. ಬಂಗಡೆ ಸಾರು, ಅನ್ನ ಬಡಿಸಿ ಆಮೇಲೆ ವೈನ್ ಸುರಿದೆ. ಖಾರ ಹತ್ತಿದ ಬಾಯಿಗೆ ಮೂರೂ ಬಾಟಲಿ ಒಂದೇ ಥರ ಉರಿ, ಒಂದೇ ಥರ ಕಹಿ. ಅವತ್ತಿನಿಂದ ಎರಡು ಸುತ್ತು ಮಾಡುತ್ತೇನೆ. ಊಟಕ್ಕೆ ಮೊದಲು ಬರೀ ವೈನ್. ಆಮೇಲೆ ಅದೇ ವೈನ್ ಮೀನಿನ ಜೊತೆ.

ಐದಾರು ಬಾಟಲಿ ಬೇಡ, ಮೂರು ಸಾಕು. 750 ಮಿಲಿ ಬಾಟಲಿಯಲ್ಲಿ 50 ಮಿಲಿಯ 15 ಪಾಲು ಸಿಗುತ್ತದೆ. ನೀವೂ ಸೇರಿ ಏಳು ಜನ, ಎರಡು ಸುತ್ತಿಗೆ 14 ಪಾಲು. ಸರಿಹೋಯಿತು ಅಲ್ವಾ? ಒಬ್ಬರಿಗೆ ಒಟ್ಟು 300 ಮಿಲಿ ಆಗುತ್ತದೆ. ಅದಕ್ಕಿಂತ ಜಾಸ್ತಿ ಆದರೆ ನಾಲಿಗೆಗೆ ವ್ಯತ್ಯಾಸ ತಿಳಿಯುವುದಿಲ್ಲ.

ಒಂದು ಸೋವಿನ್ಯಾನ್ ಬ್ಲಾಂಕ್ ತನ್ನಿ, ಅದು ಹುಳಿ ಮುಂದಾಗಿರುವ ವೈನ್. ಇನ್ನೊಂದು ಓಕ್ ಮರದ ಪೀಪಾಯಿಯಲ್ಲಿ ಇಟ್ಟ ಶಾರ್ಡನೆ. ಮೂರನೆಯದು ಸ್ವಲ್ಪ ಸಿಹಿ ಉಳಿದಿರುವ ಚೆನಿನ್ ಬ್ಲಾಂಕ್ ಅಥವಾ ರೀಸ್ಲಿಂಗ್. ಇವೆಲ್ಲ ದ್ರಾಕ್ಷಿ ತಳಿಗಳ ಹೆಸರು, ವೈನಿಗೂ ಅದೇ ಹೆಸರು. ನಾಸಿಕದ ಸುಲಾ, ನಂದಿಬೆಟ್ಟದ ಕಡೆಯ ಗ್ರೋವರ್ ಕಂಪನಿಗಳ ವೈನೆಲ್ಲ ನಮ್ಮಲ್ಲೇ ಬೆಳೆದ ದ್ರಾಕ್ಷಿಯವು. ವಿದೇಶದ್ದೇ ಆಗಬೇಕೆಂದಿಲ್ಲ. ಇಲ್ಲಿ ವೈನ್ ದ್ರಾಕ್ಷಿ ಕೊಯ್ಯುವುದು ಹೆಚ್ಚಾಗಿ ಜನವರಿಯಿಂದ ಮಾರ್ಚ್. ಲೇಬಲ್ ಮೇಲೆ ಆ ವರ್ಷ ಇರುತ್ತದೆ. ಸಾಧಾರಣ ಬೆಲೆಯ ಬಿಳಿ ವೈನ್ ಆದರೆ ಒಂದೆರಡು ವರ್ಷದೊಳಗಿನದೇ ಇರಲಿ. ಬಿಸಿಲು ಬೀಳುವ ಕಪಾಟಿನಲ್ಲಿ ನಿಲ್ಲಿಸಿದ ಬಾಟಲಿ ಬೇಡವೇ ಬೇಡ, ನಮ್ಮ ಕರಾವಳಿಯ ಸೆಕೆಗೆ ಅದರ ಪರಿಮಳ ಹೋಗಿರುತ್ತದೆ. ಅಗ್ಗ ಅಂತ ಗೋವಾದಿಂದಲೂ ತರಬೇಡಿ. ಪರವಾನಗಿ ಇಲ್ಲದೆ ತರುವುದು ಅಪರಾಧ, ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಸಿಕ್ಕಿಬಿದ್ದರೆ ಊಟದ ಖುಷಿಯೆಲ್ಲ ಹೋಗುತ್ತದೆ.

ಈಗ ತಂಪಿನ ವಿಷಯ. ತುಂಬಾ ಜನ ಎಡವುವುದು ಇಲ್ಲೇ. ಫ್ರಿಜ್ ಒಳಗೆ ಸುಮಾರು 4 ಡಿಗ್ರಿ ಇರುತ್ತದೆ. ಅಷ್ಟು ತಣ್ಣಗಿದ್ದರೆ ವಾಸನೆ ಮೇಲೇಳುವುದೇ ಇಲ್ಲ. ಸೋವಿನ್ಯಾನ್‌ಗೆ 8ರಿಂದ 10 ಡಿಗ್ರಿ, ಶಾರ್ಡನೆಗೆ 10ರಿಂದ 13 ಸರಿ. ಶಾರ್ಡನೆಯನ್ನು ಕಾಲು ಗಂಟೆ ಮೊದಲೇ ಹೊರಗಿಡಿ, ಉಳಿದವನ್ನು ಐದು ನಿಮಿಷ ಮೊದಲು ತೆಗೆದರೆ ಸಾಕು. ಫ್ರಿಜ್‌ನಲ್ಲಿ ಇಡಲು ಮರೆತರೆ ಬಕೆಟ್‌ಗೆ ಐಸ್, ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ 20 ನಿಮಿಷ ಮುಳುಗಿಸಿಡಿ. ಲೋಟಕ್ಕೆ ಮಾತ್ರ ಐಸ್ ಹಾಕಬೇಡಿ.

ಮೊದಲ ಸುತ್ತು ಜಗಲಿಯಲ್ಲಿ ಆಗಲಿ, ಒಳಗೆ ಮೀನು ಹುರಿಯಲು ಶುರುಮಾಡುವ ಮೊದಲು. ಕೊಬ್ಬರಿ ಎಣ್ಣೆಯ ಘಾಟು ಎದ್ದ ಮೇಲೆ ಮೂಗಿಗೆ ಬೇರೇನೂ ಸಿಗುವುದಿಲ್ಲ. ಊದುಬತ್ತಿ, ಸೆಂಟು ಬೇಡ. ಮುಡಿಗೆ ಮಲ್ಲಿಗೆಯೂ ಬೇಡ. ಅಬ್ಬಲಿಗೆ ಆದರೆ ಅಡ್ಡಿಯಿಲ್ಲ, ಅದಕ್ಕೆ ವಾಸನೆಯೇ ಇಲ್ಲವಲ್ಲ.

ಬಾಟಲಿಗಳಿಗೆ ಪೇಪರ್ ಸುತ್ತಿ 1, 2, 3 ಅಂತ ಬರೆಯಿರಿ. ಕಣ್ಣು ನಾಲಿಗೆಯನ್ನು ದಾರಿ ತಪ್ಪಿಸುತ್ತದೆ. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಕಲಿಯುವ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೇ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಕೆಂಪು ವೈನಿಗೆ ಹೇಳುವ ಮಾತುಗಳನ್ನೇ ಬರೆದರು. 2001ರಲ್ಲಿ ಪ್ರಕಟವಾದ ಪ್ರಯೋಗ ಅದು. ಕಲಿತವರೇ ಹಾಗಾದರೆ ಬೆಲೆಚೀಟಿ ನೋಡಿದ ನಮ್ಮ ಪಾಡೇನು?

ಲೋಟವನ್ನು ಮೆಲ್ಲಗೆ ತಿರುಗಿಸಿ, ಮೂಗು ಒಳಗಿಟ್ಟು ಮೂಸಿ. ಆಮೇಲೆ ಒಂದು ಗುಟುಕು ಬಾಯಲ್ಲಿ ಆಡಿಸಿ. ಏನು ನೆನಪಾಯಿತೋ ಅದನ್ನೇ ಹೇಳಲಿ, ಲೇಬಲ್ ಮೇಲಿನ ಹಣ್ಣುಗಳ ಹೆಸರು ಬೇಡ. ನಮ್ಮಲ್ಲಿ ಒಮ್ಮೆ ಸ್ನೇಹಿತನ ಅಮ್ಮ ಕುಡಿಯಲಿಲ್ಲ, ಸುಮ್ನೆ ಲೋಟ ತೆಗೆದುಕೊಂಡು ಮೂಸಿದರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, 'ಅಕ್ಕಿ ಡಬ್ಬದಲ್ಲಿ ಪೇರಲೆ ಹಣ್ಣಿಗಿಟ್ಟಿದ್ದೀರಾ?' ಅಂದರು. ಅದು ಸೋವಿನ್ಯಾನ್ ಬ್ಲಾಂಕ್. ಆ ವೈನಿಗೆ ಅದಕ್ಕಿಂತ ಸರಿಯಾದ ಮಾತು ನಾನು ಇವತ್ತಿಗೂ ಕೇಳಿಲ್ಲ. ಅದರಲ್ಲೇ ಕ್ಯಾಪ್ಸಿಕಂ ಹೆಚ್ಚಿದ ಕೈಯ ವಾಸನೆಯೂ ಬರಬಹುದು, ಯಾಕೆಂದರೆ ಕ್ಯಾಪ್ಸಿಕಂಗೆ ಆ ವಾಸನೆ ಕೊಡುವ ಪೈರಜೀನ್ ಅನ್ನುವ ರಾಸಾಯನಿಕ ಈ ದ್ರಾಕ್ಷಿಯಲ್ಲೂ ಇದೆ. ಶಾರ್ಡನೆಯಲ್ಲಿ ಬೆಣ್ಣೆ, ವೆನಿಲ್ಲಾ ಹುಡುಕಿ. ಒದ್ದೆ ಪೇಪರಿನ, ಮುಗ್ಗಲು ವಾಸನೆ ಬಂದರೆ ಅದು ಬಿರಡೆಯಿಂದ ಬಂದ ದೋಷ, ಆ ಬಾಟಲಿ ಬದಿಗಿಡಿ.

ಕುಡಿಯದವರಿಗೂ ಹೀಗೆ ಒಂದು ಲೋಟ ಮೂಸಲು ಕೊಡಿ, ಜೊತೆಗೆ ಮುರುಗಲು ಶರಬತ್ತು ಇರಲಿ. ಗಾಡಿ ಓಡಿಸುವವರನ್ನು ಈಗಲೇ ಗೊತ್ತು ಮಾಡಿಕೊಳ್ಳಿ, ಅವರು ಬರೀ ಮೂಸಲಿ.

ಎರಡನೇ ಸುತ್ತಿಗೆ ಖಾರ ಕಡಿಮೆ ಹಾಕಿ ನೊಗಲಿ (ಕಾಣೆ ಮೀನು) ರವಾ ಫ್ರೈ ಮಾಡಿ, ಲಿಂಬೆ ಹಿಂಡಿ. ಸೋವಿನ್ಯಾನ್ ಅದಕ್ಕೆ ಚೆನ್ನಾಗಿ ಕೂರುತ್ತದೆ. ತೆಂಗಿನಕಾಯಿ ಹಾಕಿದ ಬಳಚಿನ (ಚಿಪ್ಪುಮೀನಿನ) ಸುಕ್ಕಾಕ್ಕೆ ಶಾರ್ಡನೆ. ಶೆಟ್ಲಿಗೆ (ಸೀಗಡಿಗೆ) ಖಾರ ಬೇಕೇ ಬೇಕು ಅಂದರೆ ಸಿಹಿ ಇರುವ ಚೆನಿನ್ ಇಡಿ. ಮದ್ಯ ಖಾರದ ಉರಿಯನ್ನು ಏರಿಸುತ್ತದೆ, ಸಿಹಿ ಅದನ್ನು ತಣಿಸುತ್ತದೆ. ತೆಪ್ಪಳ ಅನ್ನುವ ಘಾಟು ಮಸಾಲೆ ಕಾಯಿ ಹಾಕಿದ ಬಂಗಡೆ ಸಾರನ್ನು ವೈನ್ ಎಲ್ಲ ಮುಗಿದ ಮೇಲೆ ಅನ್ನದ ಜೊತೆ ಬಡಿಸಿ, ಅದಕ್ಕೆ ಇನ್ಯಾವುದರ ಜೊತೆಯೂ ಬೇಕಿಲ್ಲ.

ಬಾಟಲಿಯ ತಳದಲ್ಲಿ ಉಳಿದದ್ದನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ಇರುತ್ತದೆ. ಭಾನುವಾರ ಬಳಚು ಸಿಕ್ಕರೆ, ಬೆಳ್ಳುಳ್ಳಿ ಬಾಡಿಸಿ, ಬಳಚು ಹಾಕಿ, ಸೋವಿನ್ಯಾನ್ ಉಳಿದಷ್ಟು ಸುರಿದು ಮುಚ್ಚಿಡಿ. ಚಿಪ್ಪು ಬಾಯಿ ಬಿಟ್ಟ ಕೂಡಲೇ ಇಳಿಸಿ.