ಸೆಂಘೋರ್ ಬಗ್ಗೆ ಬರೆದ ಮೇಷ್ಟ್ರಿಗೆ

ಪ್ರೀತಿಯ ಮೇಷ್ಟ್ರೇ, ನಮಸ್ಕಾರ.

ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ಮೊದಲ ರಾಷ್ಟ್ರಾಧ್ಯಕ್ಷ, ಕವಿ ಲಿಯೊಪೋಲ್ಡ್ ಸೆಂಘೋರ್ ಬಗ್ಗೆ ನೀವು ಮಂಡ್ಯದಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಒಳಗೆ ಒಳ್ಳೆಯ ಲೇಖನ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಸನ್ಮಾನ ಪತ್ರ ಓದಿದ ಹಾಗಿದೆ. 1906ರಲ್ಲಿ ಹುಟ್ಟು, ಪ್ಯಾರಿಸ್‌ನಲ್ಲಿ ಓದು, 1960ರಲ್ಲಿ ಅಧ್ಯಕ್ಷಗಿರಿ, 1983ರಲ್ಲಿ ಫ್ರೆಂಚ್ ಅಕಾಡೆಮಿಯ ಸದಸ್ಯತ್ವ. 'ಮಹಾನ್ ಚೇತನ' ಅಂತ ಏಳು ಕಡೆ ಬರೆದಿದ್ದೀರಿ. ಏಳನ್ನೂ ತೆಗೆಯಿರಿ.

ಅವರ ತಂದೆ ಕಡಲೆಕಾಯಿ ವ್ಯಾಪಾರಿ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಒಂದೇ ಬೆಳೆಯನ್ನು ನೆಚ್ಚಿಕೊಂಡವರ ಪಾಡು ಮಂಡ್ಯದವರಿಗೆ ಹೇಳಿಕೊಡಬೇಕೇ? ಇಲ್ಲಿ ಕಬ್ಬು, ಅಲ್ಲಿ ಕಡಲೆಕಾಯಿ. ಸೆನೆಗಲ್ ಆಳುತ್ತಿದ್ದ ಫ್ರೆಂಚರು ತಮ್ಮ ಎಣ್ಣೆ ಗಿರಣಿಗಳಿಗಾಗಿ ಆ ಬೆಳೆಯನ್ನು ಬೆಳೆಸಿದರು. ಸ್ವಾತಂತ್ರ್ಯ ಬಂದ ಮೇಲೂ ದೇಶದ ಗಳಿಕೆ ಅದರ ಮೇಲೇ ನಿಂತಿತ್ತು. ಮಳೆ ಕೈಕೊಟ್ಟರೆ, ರೇಟು ಬಿದ್ದರೆ ರೈತನ ಜೊತೆ ಸರ್ಕಾರವೂ ಅಲುಗಾಡುತ್ತಿತ್ತು. ಕವಿ ಕೂತ ಕುರ್ಚಿ ಎಂಥದ್ದು ಎಂದು ಓದುಗರಿಗೆ ಇದರಿಂದ ತಿಳಿಯುತ್ತದೆ.

ಈಗ ನನಗೆ ನಿಜವಾಗಿ ಬೇಸರವಾದ ಮಾತು. 1940ರಲ್ಲಿ, ಫ್ರೆಂಚ್ ಸೈನ್ಯದಲ್ಲಿದ್ದ ಸೆಂಘೋರ್ ಅವರನ್ನು ಜರ್ಮನ್ನರು ಸೆರೆ ಹಿಡಿದರು. ಯುದ್ಧ ಕೈದಿಗಳ ಶಿಬಿರದಲ್ಲಿ ಕೂತು ಅವರು ಕವಿತೆ ಬರೆದರು. ಇದನ್ನು ನೀವು ತುಂಬ ಚೆನ್ನಾಗಿ ಬರೆದಿದ್ದೀರಿ, ಓದುತ್ತಾ ನನ್ನ ಗಂಟಲು ಕಟ್ಟಿತು. ಆದರೆ ಮಮಡು ದಿಯಾ ಎಂಬ ಹೆಸರು ಇಡೀ ಲೇಖನದಲ್ಲಿ ಎಲ್ಲೂ ಇಲ್ಲ! 1948ರಲ್ಲಿ ಇಬ್ಬರೂ ಸೇರಿ ಪಕ್ಷ ಕಟ್ಟಿದವರು. ಸೆಂಘೋರ್ ಅಧ್ಯಕ್ಷ, ದಿಯಾ ಪ್ರಧಾನಿ. 1962ರ ಡಿಸೆಂಬರ್‌ನಲ್ಲಿ ಗೆಳೆತನ ಮುರಿದು ಬಿತ್ತು. ದಂಗೆಯ ಆರೋಪ ಹೊರಿಸಿ ದಿಯಾ ಅವರನ್ನು ಬಂಧಿಸಿದರು, ಜೀವಾವಧಿ ಶಿಕ್ಷೆಯಾಯಿತು. ಹೊರಗೆ ಬಂದದ್ದು 1974ರಲ್ಲಿ. ಸೆರೆವಾಸದ ಕವಿತೆ ಬರೆದವರೇ ಗೆಳೆಯನನ್ನು ಅಷ್ಟು ವರ್ಷ ಸೆರೆಯಲ್ಲಿ ಇರಿಸಿದರು. ಇದನ್ನು ಬಿಟ್ಟು ಅವರ ಬದುಕು ಬರೆಯಲು ಬರುವುದಿಲ್ಲ, ಅಲ್ವಾ? ತೀರ್ಪು ಕೊಡಬೇಡಿ. ಎರಡು ಸೆರೆಗಳನ್ನೂ ಪಕ್ಕಪಕ್ಕ ಇಡಿ, ಸಾಕು.

'ನೆಗ್ರಿಟ್ಯೂಡ್' ಎಂಬ ಮಾತನ್ನು ಆರು ಸಲ ಬಳಸಿದ್ದೀರಿ, ಒಮ್ಮೆಯೂ ಬಿಡಿಸಿ ಹೇಳಿಲ್ಲ. 1930ರ ದಶಕದ ಪ್ಯಾರಿಸ್‌ನಲ್ಲಿ ಸೆಂಘೋರ್, ಎಮೆ ಸೆಸೇರ್, ಲಿಯೋನ್ ದಮಾ ಎಂಬ ಮೂವರು ಕವಿಗಳು 'ನೆಗ್ರ್' (ಕರಿಯ) ಎಂಬ ಬಿಳಿಯರ ಬೈಗುಳವನ್ನೇ ಎತ್ತಿಕೊಂಡು ಹೆಮ್ಮೆಯ ಹೆಸರು ಮಾಡಿಕೊಂಡರು. ನಮ್ಮ ದಲಿತ ಕವಿಗಳು ಜಾತಿಯ ಬೈಗುಳವನ್ನು ಕವಿತೆಯಲ್ಲಿ ತಲೆಯೆತ್ತಿ ನಿಲ್ಲಿಸಿದ್ದನ್ನು ನೆನೆದರೆ ನಮ್ಮ ಓದುಗರಿಗೆ ತಕ್ಷಣ ಅರ್ಥವಾಗುತ್ತದೆ.

ಇನ್ನೊಂದು ಸಣ್ಣ ವಿಷಯ, ನನಗೆ ಇಷ್ಟವಾದದ್ದು. ಕೆಲವು ಕವಿತೆಗಳ ತಲೆಯ ಮೇಲೆ ಅವರು ಯಾವ ವಾದ್ಯದ ಜೊತೆ ಓದಬೇಕು ಎಂದು ಬರೆಯುತ್ತಿದ್ದರು. ಕೋರಾ, ಬಲಫಾನ್ ಹೀಗೆ. ಕೋರಾ ಅಂದರೆ ಸೋರೆ ಬುರುಡೆಯ, 21 ತಂತಿಯ ವಾದ್ಯ. ನೀವು ಇದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಿ. ಮಂಟೇಸ್ವಾಮಿ ಕಥೆಯನ್ನು ನೀಲಗಾರರ ತಂಬೂರಿ ಜೊತೆ ಕೇಳಿ ಬೆಳೆದ ಊರು ನಮ್ಮದು. ಮೇಲಕ್ಕೆ ತನ್ನಿ.

ಶುರು ಎಲ್ಲಿಂದ ಎಂದು ಕೇಳಿದ್ದೀರಿ. ಅವರ ಬದುಕಿನಲ್ಲಿ ಮೂರು ಡಿಸೆಂಬರ್ ಇವೆ. 1962ರದ್ದು ಹೇಳಿದೆ. 1980ರ ಡಿಸೆಂಬರ್ 31ರಂದು, ಯಾರೂ ಇಳಿಸದೆ, ತಾವೇ ಕುರ್ಚಿ ಬಿಟ್ಟರು. ಆಗಿನ ಆಫ್ರಿಕಾದಲ್ಲಿ ಅದು ಬಹಳ ಅಪರೂಪ. 2001ರ ಡಿಸೆಂಬರ್ 20ರಂದು ಫ್ರಾನ್ಸಿನ ನಾರ್ಮಂಡಿಯಲ್ಲಿ ತೀರಿಕೊಂಡರು. ಸೆನೆಗಲ್ ರಾಜಧಾನಿ ಡಾಕರ್‌ನಲ್ಲಿ ಅಂತ್ಯಕ್ರಿಯೆ ನಡೆದಾಗ ಫ್ರಾನ್ಸಿನ ಅಧ್ಯಕ್ಷರೂ ಬರಲಿಲ್ಲ, ಪ್ರಧಾನಿಯೂ ಬರಲಿಲ್ಲ. ಫ್ರೆಂಚರ ಮಕ್ಕಳಿಗೇ ಅವರ ಭಾಷೆ ಕಲಿಸಿದ ಮೇಷ್ಟ್ರು ಸೆಂಘೋರ್. ನೀವೂ ಮೇಷ್ಟ್ರು. ನಾನಾಗಿದ್ದರೆ ಆ ಅಂತ್ಯಕ್ರಿಯೆಯಿಂದಲೇ ಶುರು ಮಾಡುತ್ತಿದ್ದೆ.

ಹದಿನಾಲ್ಕು ಪುಟವನ್ನು ಏಳಕ್ಕೆ ಇಳಿಸಿ. ನೀವು ಕನ್ನಡಕ್ಕೆ ತಂದ ಎರಡು ಕವಿತೆಗಳಲ್ಲಿ ಮೊದಲನೆಯದನ್ನು ಮುಟ್ಟಬೇಡಿ, ಹಾಗೇ ಇರಲಿ. ಎರಡನೆಯದನ್ನು ಜೋರಾಗಿ ಓದಿ ನೋಡಿ, ಮೂರನೇ ಸಾಲಿನಲ್ಲಿ ನಾಲಿಗೆ ತಡವರಿಸುತ್ತದೆ. ಡಿಸೆಂಬರ್ ಸಂಚಿಕೆಯಲ್ಲಿ ನಿಮಗಾಗಿ ಜಾಗ ಇಟ್ಟಿರುತ್ತೇನೆ. ಮೈಸೂರಿಗೆ ಬಂದರೆ ಕಚೇರಿಗೆ ಬನ್ನಿ, ಕೂತು ಒಟ್ಟಿಗೆ ತಿದ್ದೋಣ.

ನಿಮ್ಮ,
ಸಂಪಾದಕ